ಯಂತ್ರದ ಮರುಪಾಠ

ಮರೆವನ್ನು ಲೋಕವು ಸಾಮಾನ್ಯವಾಗಿ ದೋಷವೆಂದೇ ಎಣಿಸುತ್ತದೆ. ಮರೆತ ಶಿಷ್ಯನಿಗೆ ಬೆತ್ತವೂ, ಮರೆತ ಸಾಲಗಾರನಿಗೆ ನ್ಯಾಯಾಲಯದ ಕರೆಯೂ, ಮರೆತ ಮುದುಕನಿಗೆ ಮನೆಯವರ ನಗೆಯೂ ಕಾದಿರುತ್ತವೆ. ಆದರೆ ಮರೆತವನು ಸತ್ತವನಲ್ಲ. ಅವನಿಗೆ ಮತ್ತೊಮ್ಮೆ ಪಾಠವಾಗಬೇಕು, ಅಷ್ಟೆ. ಇಷ್ಟು ಸಣ್ಣ ಸಂಗತಿಯು ತಿಳಿಯದೆ ಒಂದು ಸಂಸಾರದವರೆಲ್ಲರೂ ಎರಡು ರಾತ್ರಿ ನಿದ್ರೆಗೆಟ್ಟ ವೃತ್ತಾಂತವು ಕಂಪ್ಯೂಟರ್ ಉಳ್ಳ ಮನೆಗಳವರೆಲ್ಲರೂ ಕೇಳತಕ್ಕದ್ದಾಗಿದೆ.

ಆ ಮನೆಯ ಹಿರಿಯರು ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತರಾಗಿದ್ದು ನಿವೃತ್ತರಾದವರು. ಒಕ್ಕಲುತನ, ಕುಂಬಾರಿಕೆ, ನೇಯ್ಗೆ ಮೊದಲಾದ ಕಸುಬುಗಳ ಬಾಯಿಮಾತಿನ ಶಬ್ದಗಳನ್ನು ಹಳ್ಳಿಹಳ್ಳಿ ತಿರುಗಿ ಚೀಟಿಗಳಲ್ಲಿ ಬರೆದಿಟ್ಟುಕೊಂಡಿದ್ದರು. ಆ ಶಬ್ದರಾಶಿಯನ್ನು ಅವರ ಸೊಸೆಯು ಮನೆಗೆಲಸ ಮುಗಿದ ಮೇಲೆ ದಿನಕ್ಕೆ ಒಂದೆರಡು ಗಂಟೆಯಂತೆ ಎರಡು ವರ್ಷ ಕುಳಿತು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿದ್ದಳು. ಈ ನಡುವೆ ಒಂದು ಮಳೆಗಾಲದಲ್ಲಿ ಚೀಟಿಗಳಿಗೆ ಗೆದ್ದಲು ಹಿಡಿದು, ಅರ್ಧಕ್ಕರ್ಧ ಮಣ್ಣಾಗಿ ಹೋಗಿದ್ದವು. ಪುಸ್ತಕವು ಅಚ್ಚಿಗೆ ಹೋಗಲು ಒಂದು ವಾರವಿತ್ತು. ಇನ್ನೊಂದು ಪ್ರತಿಯನ್ನು ಬೇರೆಡೆ ಇಡಬೇಕೆಂಬ ಮಾತು ಮನೆಯಲ್ಲಿ ಆಗಾಗ ಬರುತ್ತಿತ್ತೇ ಹೊರತು ಕಾರ್ಯವು ನಡೆದಿರಲಿಲ್ಲ.

ಹೀಗಿರಲಾಗಿ, ಕಾಲೇಜಿನಲ್ಲಿ ಓದುತ್ತಿದ್ದ ಮೊಮ್ಮಗನು ಒಂದು ರಾತ್ರಿ ಯಾರಿಗೂ ತಿಳಿಸದೆ ಆ ಕಂಪ್ಯೂಟರಿಗೆ ಹೊಸ ಬಯಾಸ್ ಹಾಕಿದನು. ವಿದ್ಯುತ್ತು ಹರಿದೊಡನೆ ಎಲ್ಲಕ್ಕಿಂತ ಮೊದಲು ಎಚ್ಚರಗೊಂಡು, ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಮುಂತಾದವುಗಳನ್ನು ಎಬ್ಬಿಸುವ ತಂತ್ರಾಂಶಕ್ಕೆ ಬಯಾಸ್ ಎಂದು ರೂಢಿಯ ಹೆಸರು. ಅದು ಮದರ್‌ಬೋರ್ಡಿನ ಒಂದು ಸಣ್ಣ ಚಿಪ್ಪಿನಲ್ಲಿರುತ್ತದೆ. ಅದರ ಹೊಸ ಆವೃತ್ತಿಗಳನ್ನು ತಯಾರಕರು ಆಗಾಗ ಹೊರಡಿಸುತ್ತಾರೆ. ಹುಡುಗನು ಹೊಸದನ್ನು ತುಂಬಿಸಿದ ಕಾರ್ಯವು ನಿರ್ವಿಘ್ನವಾಗಿ ಮುಗಿದು ಯಂತ್ರವು ತಾನಾಗಿ ಮರುಚಾಲಿತವಾಯಿತು. ಫ್ಯಾನುಗಳು ತಿರುಗಿದವು, ಪರದೆ ಮಾತ್ರ ಬೆಳಗಲಿಲ್ಲ. ರ‍್ಯಾಮ್ ಸ್ಟಿಕ್ಕುಗಳ ಪಕ್ಕದಲ್ಲಿ ಒಂದು ಕಿತ್ತಳೆ ಬಣ್ಣದ ದೀಪವು ಹೊತ್ತಿಕೊಂಡು ನಿಂತಿತು.

ಹುಡುಗನು ಒಂದು ನಿಮಿಷ ನೋಡಿ, ಗುಂಡಿಯನ್ನು ಒತ್ತಿ ಹಿಡಿದು ಆರಿಸಿದನು, ಮತ್ತೆ ಹಚ್ಚಿದನು. ಪುನಃ ಅದೇ ಕತ್ತಲೆ, ಅದೇ ದೀಪ. ಹೀಗೆ ಐದು ಬಾರಿ ಮಾಡಿದನು. ಬೆಳಗಿನ ಜಾವಕ್ಕೆ ಅವನ ಮುಖವನ್ನು ನೋಡಿದ ತಾಯಿಗೆ ಏನೋ ಅನಾಹುತವಾಗಿದೆಯೆಂದು ತಿಳಿಯಿತು.

“ತಾತ, ನಾನೇ ಕೆಡಿಸಿಬಿಟ್ಟೆ. ನಿಮ್ಮ ಪುಸ್ತಕ ಹೋಯಿತು ಅಂತ ಕಾಣುತ್ತೆ” ಎಂದು ಅವನು ಹೇಳಿದಾಗ ಹಿರಿಯರು ಬಹಳ ಹೊತ್ತು ಮಾತನಾಡಲಿಲ್ಲ. ಸೊಸೆಯು ಒಳಗೆ ಹೋಗಿ ಗೆದ್ದಲು ಉಳಿಸಿದ್ದ ಚೀಟಿಗಳ ಪೆಟ್ಟಿಗೆಯನ್ನು ತೆರೆದು ಸುಮ್ಮನೆ ನೋಡುತ್ತ ಕುಳಿತಳು.

ಊರಿನಲ್ಲಿ ಕಂಪ್ಯೂಟರ್ ದುರಸ್ತಿಯ ಅಂಗಡಿಯನ್ನಿಟ್ಟುಕೊಂಡಿದ್ದ ಹಿರಿಯರ ಹಳೆಯ ಶಿಷ್ಯನೊಬ್ಬನನ್ನು ಕರೆಸಲಾಯಿತು. ಅವನು ಮೊದಲು ಹುಡುಗನನ್ನು ಒಂದೇ ಪ್ರಶ್ನೆ ಕೇಳಿದನು: “ಬಯಾಸ್ ಬರೆಯೋವಾಗ ಕರೆಂಟ್ ಹೋಗಿತ್ತೇನಪ್ಪ?” ಇಲ್ಲವೆಂದು ಉತ್ತರ ಬರಲು ಅವನಿಗೆ ಅರ್ಧ ನಿಶ್ಚಿಂತೆಯಾಯಿತು. ಬರವಣಿಗೆಯ ನಡುವೆ ವಿದ್ಯುತ್ತು ಕಡಿದರೆ ಬಯಾಸೇ ಭಿನ್ನವಾಗಿ ಬೋರ್ಡು ಏಳದೆ ಹೋಗಬಹುದು. ಅದರ ಚಿಕಿತ್ಸೆಯೇ ಬೇರೆ. ತರುವಾಯ ಅವನು ಯಂತ್ರವನ್ನು ಹಚ್ಚಿ, ಒಂದು ಕುರ್ಚಿಯನ್ನು ಎಳೆದುಕೊಂಡು, ಕೈಕಟ್ಟಿ ಕುಳಿತನು. ಐದು ನಿಮಿಷವಾದರೂ ಅವನು ಏನನ್ನೂ ಮುಟ್ಟದಿರಲು ಸೊಸೆಗೆ ಆಶ್ಚರ್ಯವಾಯಿತು.

“ಅಮ್ಮಾ, ಪುಸ್ತಕ ಇರೋದು ರ‍್ಯಾಮಿನಲ್ಲಲ್ಲ, ಡಿಸ್ಕಿನಲ್ಲಿ. ಅದಕ್ಕೆ ಏನೂ ಆಗಿರಲಾರದು. ರ‍್ಯಾಮು ದಿನಾ ಕರೆಂಟ್ ತೆಗೆದಾಗಲೆಲ್ಲ ಮರೆಯುವಂಥದ್ದೇ” ಎಂದು ಅವನು ಹೇಳಿದನು. ಈ ಒಂದು ಮಾತು ಹಿಂದಿನ ರಾತ್ರಿಯೇ ತಿಳಿದಿದ್ದರೆ ಆ ಮನೆಯ ದುಃಖವು ಅರ್ಧದಷ್ಟು ಕಡಮೆಯಾಗುತ್ತಿತ್ತು.

ಈ ರ‍್ಯಾಮಿನ ಸ್ವಭಾವವೇ ವಿಚಿತ್ರವಾದುದು. ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಎಂಬ ವಿಜ್ಞಾನಿಯು 1968ರಲ್ಲಿ ಸ್ವಾಮ್ಯಪತ್ರ ಪಡೆದ ಕಲ್ಪನೆಯೇ ಇದಕ್ಕೆ ಮೂಲ. ಒಂದೊಂದು ಅಂಶವನ್ನು ಹಿಡಿದಿಡಲು ಒಂದು ಟ್ರಾನ್ಸಿಸ್ಟರು, ವಿದ್ಯುದಂಶವನ್ನು ತುಂಬಿಕೊಳ್ಳುವ ಒಂದು ಕೆಪ್ಯಾಸಿಟರು, ಇಷ್ಟೇ. ಆದರೆ ಇದು ತೂತಿನ ಕೊಡ. ತುಂಬಿದ್ದು ಸೋರುತ್ತಲೇ ಇರುತ್ತದೆ. ಆದುದರಿಂದ ಡಿ.ಡಿ.ಆರ್.4 ಎಂಬ ಬಗೆಯಲ್ಲಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ, ಡಿ.ಡಿ.ಆರ್.5ರಲ್ಲಿ 32 ಮಿಲಿಸೆಕೆಂಡಿನೊಳಗೆ, ಪ್ರತಿಯೊಂದು ಕೊಡವನ್ನೂ ಓದಿ ಮತ್ತೆ ತುಂಬಬೇಕು. ಆವೃತ್ತಿಯಿಲ್ಲದೆ ವಿದ್ಯೆ ನಿಲ್ಲದೆಂಬ ಮಾತು ಇಲ್ಲಿ ಅಕ್ಷರಶಃ ಸತ್ಯವಾಗಿದೆ.

ಇದರ ವೇಗವು ಇನ್ನೂ ಅದ್ಭುತವಾದುದು. 6000 ಎಂದು ಅಂಕಿತವಾದ ಸ್ಟಿಕ್ಕಿನ ಒಂದೊಂದು ತಂತಿಯಲ್ಲಿ ಸೆಕೆಂಡಿಗೆ 600 ಕೋಟಿ ಅಂಶಗಳು ಓಡುತ್ತವೆ. ಒಂದು ಅಂಶಕ್ಕೆ ದೊರೆಯುವ ಕಾಲದಲ್ಲಿ ಶೂನ್ಯದಲ್ಲಿ ಚಲಿಸುವ ಬೆಳಕು ಕೂಡ ಕೇವಲ 5 ಸೆಂಟಿಮೀಟರು ಹೋಗಬಲ್ಲುದು. ಹೀಗಿರುವಾಗ ಒಂದು ತಂತಿಯು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಉದ್ದವಾಗಿದ್ದರೂ ಅದರ ಸಂದೇಶವು ತಡವಾಗಿ ತಲಪುತ್ತದೆ. ಆದುದರಿಂದ ಯಂತ್ರವು ಕೆಲಸಕ್ಕೆ ತೊಡಗುವ ಮುನ್ನ ತನಗೆ ಮೊದಲೇ ತಿಳಿದಿರುವ ಒಂದು ಪಾಠವನ್ನು ರ‍್ಯಾಮಿಗೆ ಕಳುಹಿಸಿ ಹಿಂದಕ್ಕೆ ಓದುತ್ತದೆ. ಓದುವ ಗಳಿಗೆಯನ್ನು ಸ್ವಲ್ಪಸ್ವಲ್ಪವಾಗಿ ಹಿಂದೆ ಮುಂದೆ ಸರಿಸಿ, ಎಲ್ಲಿಂದ ಎಲ್ಲಿಯವರೆಗೆ ಪಾಠವು ಶುದ್ಧವಾಗಿ ಬರುತ್ತದೆಂದು ಕಂಡುಕೊಂಡು, ನಟ್ಟನಡುವಿನ ಗಳಿಗೆಯನ್ನು ಆರಿಸಿಕೊಳ್ಳುತ್ತದೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಎಂದು ಹೆಸರು.

ಇದನ್ನು ಕೇಳಿದ ಹಿರಿಯರಿಗೆ ತಾವು ಬಾಲ್ಯದಲ್ಲಿ ಕಂಡ ಪಾಠಶಾಲೆಯು ನೆನಪಾಯಿತು. ಅಲ್ಲಿ ಗುರುಗಳು ಒಮ್ಮೆ ಹೇಳಿದುದನ್ನು ಶಿಷ್ಯರು ಎರಡು ಬಾರಿ ಹೇಳಬೇಕು. ಸ್ವರ ತಪ್ಪಿದರೆ ಮುಂದಕ್ಕೆ ಹೋಗುವಂತಿಲ್ಲ. “ಹಾಗಾದರೆ ಇದು ಸಂತೆ ಹೇಳಿಸುತ್ತಿದೆ ಅನ್ನು” ಎಂದರು.

“ಹೂಂ ಮೇಷ್ಟ್ರೇ. ಒಂದು ಸಲ ಕಲಿತದ್ದನ್ನು ಬರೆದಿಟ್ಟುಕೊಂಡು ಸಾಮಾನ್ಯವಾಗಿ ಅದನ್ನೇ ಉಪಯೋಗಿಸುತ್ತೆ. ಬಯಾಸ್ ಬದಲಾದರೆ ಹಳೇದನ್ನು ಬಿಟ್ಟು ಮೊದಲಿನಿಂದ ಕಲಿಯಬೇಕು. ಡಿ.ಡಿ.ಆರ್.5ರಲ್ಲಿ ಅದಕ್ಕೆ ಎಷ್ಟೋ ನಿಮಿಷ ಬೇಕಾಗುತ್ತೆ. ಇವನು ಐದು ಸಲವೂ ಪಾಠದ ನಡುವೆ ಎಬ್ಬಿಸಿ ಕಳಿಸಿದ್ದಾನೆ.”

ಹುಡುಗನು ತಲೆ ತಗ್ಗಿಸಿದನು.

ಆದರೆ ಕಾಯುವುದಕ್ಕೂ ಒಂದು ಮಿತಿಯಿದೆ. ಇಪ್ಪತ್ತು ನಿಮಿಷ ಕಳೆದರೂ ದೀಪವು ಆರಲಿಲ್ಲ. ಆಗ ಅವನು ವಿದ್ಯುತ್ತಿನ ತಂತಿಯನ್ನೇ ಕಿತ್ತು, ಕ್ಯಾಬಿನೆಟ್ಟಿನ ಲೋಹವನ್ನು ಒಮ್ಮೆ ಮುಟ್ಟಿ ಕೈಯಲ್ಲಿನ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಬೋರ್ಡಿನ ಮೇಲಿದ್ದ ನಾಣ್ಯದಾಕಾರದ ಬ್ಯಾಟರಿಯನ್ನು ತೆಗೆದು ಕೆಲವು ನಿಮಿಷ ಬಿಟ್ಟು ಮತ್ತೆ ಕೂರಿಸಿದನು. ಇದರಿಂದ ಬಯಾಸಿನಲ್ಲಿ ಉಳಿದಿರಬಹುದಾದ ಹಳೆಯ ಏರ್ಪಾಡುಗಳು ಅಳಿಯುತ್ತವೆ. ಅನಂತರ ಎರಡು ಸ್ಟಿಕ್ಕುಗಳನ್ನೂ ಹೊರತೆಗೆದು, ಒಂದನ್ನು ಮಾತ್ರ ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯದಾದ ಸ್ಲಾಟಿನಲ್ಲಿ ಟಕ್ಕೆಂದು ಶಬ್ದವಾಗುವಂತೆ ಒತ್ತಿ ಕೂರಿಸಿದನು. ನಾಲ್ಕು ಸ್ಲಾಟಿನ ಬೋರ್ಡುಗಳಲ್ಲಿ ಬಹುಮಟ್ಟಿಗೆ ಇದೇ ಮೊದಲು ತುಂಬತಕ್ಕ ಸ್ಥಾನ. ಯಂತ್ರವನ್ನು ಹಚ್ಚಿ ಮತ್ತೆ ಕೈಕಟ್ಟಿ ಕುಳಿತನು. ನಾಲ್ಕನೆಯ ನಿಮಿಷದ ಕೊನೆಗೆ ಪರದೆಯು ಬೆಳಗಿತು.

ಸೊಸೆಯು “ಬಂತು!” ಎಂದಳು. ಆದರೆ ಅವನು ಅಷ್ಟಕ್ಕೆ ಬಿಡಲಿಲ್ಲ. ಎರಡನೆಯ ಸ್ಟಿಕ್ಕನ್ನು ಒಂಟಿಯಾಗಿ ಅದೇ ಸ್ಲಾಟಿನಲ್ಲಿಟ್ಟು ನೋಡಿದನು, ಅದೂ ಎದ್ದಿತು. ಎರಡನ್ನೂ ಸೇರಿಸಿದನು, ಎದ್ದಿತು. ಒಂದು ಬಾರಿಗೆ ಒಂದನ್ನೇ ಬದಲಿಸಬೇಕು, ಇಲ್ಲವಾದರೆ ಗುಣವಾದದ್ದು ಯಾವುದರಿಂದ ಎಂಬುದು ತಿಳಿಯದು, ಎಂಬುದು ಅವನ ಕಟ್ಟಳೆ. ವೈದ್ಯರಿಗೂ ವ್ಯಾಕರಣಕಾರರಿಗೂ ಇದೇ ಕಟ್ಟಳೆಯಲ್ಲವೆ?

ಆಗ ಹುಡುಗನು ಧೈರ್ಯ ತಂದುಕೊಂಡು, ಹಿಂದಿನಂತೆ 6000ದ ವೇಗಕ್ಕೆ ಏರಿಸಬೇಕೆಂದು ಕೇಳಿದನು. ಎಕ್ಸ್‌ಪೋ ಎಂಬ ಏರ್ಪಾಡನ್ನು ಹಚ್ಚಿದೊಡನೆ ಪರದೆಯು ಪುನಃ ಕತ್ತಲಾಯಿತು; ಕಾದರೂ ಬರಲಿಲ್ಲ. ಸ್ಟಿಕ್ಕಿನ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ವೇಗವು ಪ್ರೊಸೆಸರು ಒಪ್ಪಿಕೊಂಡ ಹೊಣೆಯಲ್ಲವೆಂಬುದನ್ನು ಬಹು ಮಂದಿ ಅರಿಯರು. ಉದಾಹರಣೆಗೆ, 2022ರಲ್ಲಿ ಬಂದ ಎ.ಎಂ.ಡಿ. ಸಂಸ್ಥೆಯ ರೈಜನ್ 7000 ಶ್ರೇಣಿಗೆ ಎರಡು ಸ್ಟಿಕ್ಕುಗಳಿದ್ದರೆ 5200, ನಾಲ್ಕಿದ್ದರೆ 3600 ಮಾತ್ರವೇ ಅಧಿಕೃತ ಮಿತಿ. ಅದಕ್ಕೆ ಮೇಲ್ಪಟ್ಟದ್ದು ಅದೃಷ್ಟಕ್ಕೆ ಬಿಟ್ಟದ್ದು. ಹಳೆಯ ಬಯಾಸಿನಲ್ಲಿ ನಡೆದದ್ದು ಹೊಸದರಲ್ಲಿ ನಡೆಯದಿರಬಹುದು. ದುರಸ್ತಿಗಾರನು ಏರ್ಪಾಡುಗಳನ್ನು ಮತ್ತೆ ಅಳಿಸಿ ಯಂತ್ರವನ್ನು 4800ರಲ್ಲಿ ನಿಲ್ಲಿಸಿದನು. “ಅಕ್ಷರ ಹೊಡೆಯೋದಕ್ಕೆ ಇಷ್ಟು ಸಾಲದೇನಪ್ಪ?” ಎಂದು ಹಿರಿಯರು ಕೇಳಿದಾಗ ಹುಡುಗನೂ ನಕ್ಕನು.

ಸೊಸೆಯು ಪುಸ್ತಕವನ್ನು ಕೂಡಲೇ ತೆರೆಯಬೇಕೆಂದಳು. ಅವನು ಬೇಡವೆಂದು ತಡೆದನು. ತಪ್ಪು ಓದುವ ರ‍್ಯಾಮು ಯಂತ್ರವನ್ನು ಎಬ್ಬಿಸಿಯೂ ಎಬ್ಬಿಸೀತು. ಆಮೇಲೆ ಸದ್ದಿಲ್ಲದೆ ಕಡತದ ಅಕ್ಷರಗಳನ್ನು ಕೆಡಿಸೀತು. ಆದಕಾರಣ ಮೆಮ್‌ಟೆಸ್ಟ್ ಎಂಬ ಪರೀಕ್ಷಾ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಹಚ್ಚಿ ರಾತ್ರಿಯೆಲ್ಲ ಓಡಲು ಬಿಟ್ಟು ಹೋದನು. ಒಂದೇ ಒಂದು ತಪ್ಪು ಕಂಡರೂ ಏನನ್ನೂ ಮುಟ್ಟದೆ ತನ್ನನ್ನು ಕರೆಯಬೇಕೆಂದು ಹೇಳಿಹೋದನು. ಆ ರಾತ್ರಿ ಹುಡುಗನು ಮೂರು ಬಾರಿ ಎದ್ದು ಬಂದು ಪರದೆಯನ್ನು ನೋಡಿದನು. ಮೂರನೆಯ ಬಾರಿ ಬಂದಾಗ ಕತ್ತಲೆಯಲ್ಲಿ ತಾತನು ಅಲ್ಲಿಯೇ ಕುಳಿತಿರುವುದನ್ನು ಕಂಡು, ಮಾತನಾಡದೆ ಪಕ್ಕದಲ್ಲಿ ಕುಳಿತನು.

ಬೆಳಗ್ಗೆ ತಪ್ಪುಗಳ ಸಂಖ್ಯೆ 0 ಎಂದಿತ್ತು. ವಿಂಡೋಸಿನಲ್ಲಿ ಬಿಟ್‌ಲಾಕರ್ ಎಂಬ ಬೀಗವನ್ನು ಹಾಕಿದ್ದರೆ, ಬಯಾಸ್ ಬದಲಾದ ಮೇಲೆ 48 ಅಂಕಿಗಳ ಕೀಲಿಯನ್ನು ಅದು ಕೇಳುವುದುಂಟು. ಆ ಕೀಲಿಯನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಲೇಸು. ಈ ಮನೆಯ ಡಿಸ್ಕಿಗೆ ಅಂತಹ ಬೀಗವಿರಲಿಲ್ಲ. ಸೊಸೆಯು ಕಡತವನ್ನು ತೆರೆದಳು. ಅವಳು ನಿಲ್ಲಿಸಿದ್ದ ಶಬ್ದವು ಅಲ್ಲಿಯೇ ಇತ್ತು: ಹಗೇವು, ಧಾನ್ಯವನ್ನು ಕೂಡಿಡಲು ನೆಲದಲ್ಲಿ ತೋಡಿದ ಕಣಜ.

ಅಂದೇ ಎರಡು ಪೆನ್‌ಡ್ರೈವುಗಳಲ್ಲಿ ಪ್ರತಿಗಳಾದವು; ಒಂದು ಮನೆಯ ಬೀರುವಿನಲ್ಲಿಯೂ ಇನ್ನೊಂದು ಆ ಹಳೆಯ ಶಿಷ್ಯನ ಅಂಗಡಿಯಲ್ಲಿಯೂ ಸೇರಿದವು. ಹುಡುಗನು ಒಂದು ಚೀಟಿಯಲ್ಲಿ “ಹೊಸ ಬಯಾಸ್ ಹಾಕಿದ ಮೇಲೆ ಕಾಯಬೇಕು” ಎಂದು ಬರೆದು ಕ್ಯಾಬಿನೆಟ್ಟಿಗೆ ಅಂಟಿಸಿದನು. ಹಿರಿಯರು ಅದನ್ನು ಓದಿ, ಕನ್ನಡಕ ಸರಿಮಾಡಿಕೊಂಡು, ಅದರ ಮೇಲಿನ ಖಾಲಿ ಜಾಗದಲ್ಲಿ ಒಂದು ಸಾಲನ್ನು ಸೇರಿಸಿದರು: “ಹಾಕುವ ಮುನ್ನ ಪ್ರತಿ ತೆಗೆದಿಡಬೇಕು, ಮನೆಯವರಿಗೂ ಒಂದು ಮಾತು ಹೇಳಬೇಕು.”