ಚೆಂಡೆಯ ಪೆಟ್ಟು, ಪುಳ್ಳಿಯ ಪದ

ಶಾಲಾ ವಾರ್ಷಿಕೋತ್ಸವ ಮುಗಿಯಿತು. ಶಾಮಿಯಾನ ಬಿಚ್ಚಿದರು, ಬಾಡಿಗೆ ಕುರ್ಚಿಗಳು ವಾಪಸು ಹೋದವು. ನನ್ನ ಕೈಯಲ್ಲಿ ಉಳಿದದ್ದು ಒಂದು ರೆಕಾರ್ಡಿಂಗ್. ಅದರದ್ದೇ ಕತೆ ಇದು.

ಈ ಸಲ ನಮ್ಮ ಮಕ್ಕಳ ಯಕ್ಷಗಾನಕ್ಕೆ ಒಂಬತ್ತನೇ ತರಗತಿಯ ಹುಡುಗಿಯೇ ಭಾಗವತಿಕೆ ಮಾಡಿದಳು. ಪಾರ್ತಿಸುಬ್ಬನ ಕುಂಬಳೆ ಇರುವ ಕಾಸರಗೋಡಿಗೆ ಯಕ್ಷಗಾನ ಹೊಸದಲ್ಲ. ಆದರೆ ನಮ್ಮ ಶಾಲೆಯಲ್ಲಿ ಹುಡುಗಿಯೊಬ್ಬಳು ಜಾಗಟೆ ಹಿಡಿದದ್ದು ಇದೇ ಮೊದಲು. ಮಂಡಿನೋವಿನಿಂದ ಅವಳ ಅಜ್ಜಿಗೆ ಬರಲಾಗಲಿಲ್ಲ. "ಮಾಷ್ಟ್ರೇ, ಪುಳ್ಳಿಯ ಪದ ನನಗೊಮ್ಮೆ ಕೇಳಿಸಿ" ಎಂದು ಹೇಳಿ ಕಳಿಸಿದ್ದರು.

ಹೋದೆ, ಫೋನಿನಲ್ಲಿ ಹಾಕಿದೆ. ಅಜ್ಜಿ ಕಿವಿಗೆ ಒತ್ತಿ ಹಿಡಿದು ಕೇಳಿದರು. ಆಮೇಲೆ, "ಚೆಂಡೆ ಕೇಳ್ತದೆ. ಮಗು ಎಲ್ಲಿ?" ಎಂದರು. ನನಗೆ ಮಾತೇ ಹೊರಡಲಿಲ್ಲ.

ಮಂಗಳೂರಿನ ಸ್ಟುಡಿಯೋ ಒಂದರಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಗೆ ಫೋನ್ ಮಾಡಿದೆ. ಭಾನುವಾರ ಬಂದ. "ವಾಲ್ಯೂಮ್ ಏರಿಸಿದರೆ ಆಯಿತಲ್ಲ ಮಾರಾಯ" ಎಂದೆ. "ಆಗುವುದಿಲ್ಲ ಮಾಷ್ಟ್ರೇ. ಡಿಜಿಟಲ್‌ನಲ್ಲಿ ಸೊನ್ನೆ ಡೆಸಿಬೆಲ್ ಎಂದರೆ ಛಾವಣಿ. ಚೆಂಡೆಯ ಪೆಟ್ಟು ಆಗಲೇ ಅದಕ್ಕೆ ತಾಗಿದೆ" ಎಂದ. ಗ್ರೂಪ್ ಫೋಟೋದಲ್ಲಿ ಒಬ್ಬ ತೀರಾ ಉದ್ದ ಇದ್ದರೆ ಫೋಟೋಗ್ರಾಫರ್ ಹಿಂದೆ ಹಿಂದೆ ಹೋಗುತ್ತಾನೆ, ಎಲ್ಲರ ಮುಖವೂ ಸಣ್ಣದಾಗುತ್ತದೆ. ಹಾಗೆಯೇ ಇದು. ಚೆಂಡೆಯನ್ನಷ್ಟೇ ತಗ್ಗಿಸೋಣವೆಂದರೆ ಎಲ್ಲವೂ ಬೆರೆತ ಎರಡು ಚಾನೆಲ್ ಮಾತ್ರ ನಮ್ಮಲ್ಲಿತ್ತು.

ಮೊದಲು ಕಂಪ್ರೆಸರ್ ಹಾಕಿ ತೋರಿಸಿದ. ಪೆಟ್ಟು ಬಿದ್ದೊಡನೆ ಅದು ಇಡೀ ಧ್ವನಿಯನ್ನು ತಗ್ಗಿಸುತ್ತದೆ, ಮತ್ತೆ ನಿಧಾನವಾಗಿ ಏರಿಸುತ್ತದೆ. ಪೆಟ್ಟಿನ ಮೊನೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿದಿರುತ್ತದೆ, ಆದರೆ ಅದರ ಹಿಂದೆ ಬಂದ ಪದವೂ ಕುಗ್ಗುತ್ತದೆ. ಒಬ್ಬ ಗದ್ದಲ ಮಾಡಿದನೆಂದು ಇಡೀ ಕ್ಲಾಸನ್ನು ಬೆಂಚಿನ ಮೇಲೆ ನಿಲ್ಲಿಸಿದ ಹಾಗೆ... (ನಾನೂ ನಿಲ್ಲಿಸಿದವನೇ, ಅವನೂ ನಿಂತವನೇ!)

ಆಮೇಲೆ ಚೀಲದಿಂದ ಒಂದು ಸಣ್ಣ ಡಬ್ಬಿ ತೆಗೆದ. ಒಳಗೆ ಪ್ರತಿ ಚಾನೆಲ್‌ಗೆ ಒಂದು ರೆಸಿಸ್ಟರ್, ಆರು ಡಯೋಡ್. ಅಷ್ಟೇ! ಬ್ಯಾಟರಿಯೂ ಇಲ್ಲ, ಪ್ಲಗ್ಗೂ ಇಲ್ಲ. ಸಿಲಿಕಾನ್ ಡಯೋಡ್ ಸುಮಾರು 0.6ರಿಂದ 0.7 ವೋಲ್ಟ್‌ನಲ್ಲಿ ಚೆನ್ನಾಗಿ ವಿದ್ಯುತ್ ಹರಿಯಬಿಡುತ್ತದೆ ಎಂದು ಮಕ್ಕಳಿಗೆ ಕಲಿಸುತ್ತೇವಲ್ಲ, ಅದೇ ಪಾಠ. ಮೂರನ್ನು ಸಾಲಾಗಿ ಜೋಡಿಸಿದರೆ ಸುಮಾರು 2 ವೋಲ್ಟ್. ಅಲೆ ಮೇಲಕ್ಕೂ ಕೆಳಕ್ಕೂ ಹೋಗುವುದರಿಂದ ಇನ್ನೊಂದು ಮೂರು ಎದುರು ದಿಕ್ಕಿಗೆ. ಹುಡುಗಿಯ ಧ್ವನಿ 1 ವೋಲ್ಟ್ ಆಸುಪಾಸಿನಲ್ಲಿ ತನ್ನ ಪಾಡಿಗೆ ದಾಟಿ ಹೋಗುತ್ತದೆ. 4 ವೋಲ್ಟ್‌ಗೆ ಜಿಗಿದ ಚೆಂಡೆಯ ತುದಿ ಮಾತ್ರ ಬಾಗುತ್ತದೆ. ಡಯೋಡ್ ಸ್ವಿಚ್ಚಿನ ಹಾಗೆ ಒಮ್ಮೆಲೇ ತೆರೆಯದೆ ಮೆಲ್ಲ ಮೆಲ್ಲನೆ ತೆರೆದುಕೊಳ್ಳುವುದರಿಂದ ತುದಿ ಕತ್ತರಿಸಿದಂತಾಗದೆ ದುಂಡಗಾಗುತ್ತದೆ. ಇದಕ್ಕೆ ಸಾಫ್ಟ್ ಕ್ಲಿಪ್ಪಿಂಗ್ ಎನ್ನುತ್ತಾರಂತೆ. ಪೆಟ್ಟು ಮುಗಿದ ಕ್ಷಣವೇ ಡಯೋಡಿನ ಕೆಲಸವೂ ಮುಗಿಯಿತು, ಹಿಂದೆ ಬರುವ ಪದಕ್ಕೆ ಶಿಕ್ಷೆಯಿಲ್ಲ.

ಲ್ಯಾಪ್‌ಟಾಪಿನ ಸೌಂಡ್ ಇಂಟರ್‌ಫೇಸಿನಿಂದ ಧ್ವನಿಯನ್ನು ಹೊರಗೆ ತಂದು, ಡಬ್ಬಿಯಲ್ಲಿ ಹಾಯಿಸಿ, ಮತ್ತೆ ಒಳಗೆ ರೆಕಾರ್ಡ್ ಮಾಡಿದ. 6 ಡೆಸಿಬೆಲ್‌ನಷ್ಟು ಜಾಗ ಸಿಕ್ಕಿತು, ಎಂದರೆ ವೋಲ್ಟೇಜನ್ನು ದುಪ್ಪಟ್ಟು ಮಾಡುವಷ್ಟು. ನನಗೆ ಆಸೆ ಹೆಚ್ಚಾಯಿತು. "ಇನ್ನೂ ಏರಿಸು" ಎಂದೆ. ಏರಿಸಿದ. ಚೆಂಡೆ ತಗಡಿನ ಡಬ್ಬ ಬಡಿದಂತಾಯಿತು, ಹುಡುಗಿಯ ಎತ್ತರದ ಸ್ವರವೂ ಒರಟಾಯಿತು. ಅಲೆಯನ್ನು ಬಾಗಿಸಿದಾಗ ಮೂಲದಲ್ಲಿಲ್ಲದ ಮೂರು ಪಟ್ಟು, ಐದು ಪಟ್ಟು ಕಂಪನಾಂಕದ ಸ್ವರಗಳು ಹುಟ್ಟುತ್ತವೆ. ಸ್ವಲ್ಪವಿದ್ದರೆ ಕಿವಿಗೆ ಗೊತ್ತಾಗದು, ಅತಿಯಾದರೆ ಕರ್ಕಶ. 2008ರಲ್ಲಿ ಬಂದ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' ಸಿಡಿಯನ್ನು ಇದೇ ಜೋರಿನ ಆಸೆಗಾಗಿ ಅಭಿಮಾನಿಗಳೇ ಬೈದಿದ್ದರಂತೆ. ಬಾಯಿ ಮುಚ್ಚಿಕೊಂಡು ಮೊದಲಿನ ಮಟ್ಟಕ್ಕೇ ಇಳಿಸಲು ಹೇಳಿದೆ.

ಸಂಜೆ ಇಬ್ಬರೂ ಅಜ್ಜಿಯ ಮನೆಗೆ ಹೋದೆವು. ಅದೇ ಫೋನು, ಅದೇ ಜಗಲಿ. ಅಜ್ಜಿ ಕಣ್ಣು ಮುಚ್ಚಿ ಕೇಳಿದರು. ಹುಡುಗಿ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಮೂರನೆಯ ಪದ ಬಂದಾಗ ಅಜ್ಜಿ ಕಣ್ಣು ತೆರೆದು, "ಇಲ್ಲಿ ಶ್ರುತಿ ಒಂಚೂರು ಇಳಿದಿದೆ ಮಗಾ" ಎಂದರು.

ತಪ್ಪು ಹಿಡಿಯುವಷ್ಟು ಸ್ಪಷ್ಟವಾಗಿ ಕೇಳಿಸಿತಲ್ಲ... ನನಗಷ್ಟು ಸಾಕು.