ಅರ್ಧ ಜಿಬಿಯ ಸಂಸಾರ

ರಾಸ್‌ಬೆರಿ ಪೈ ಝೀರೋ ಎಂಬ ಅಂಗೈಗಿಂತ ಚಿಕ್ಕ ಕಂಪ್ಯೂಟರ್ ಬಂದದ್ದು 2015ರಲ್ಲಿ. ಒಂದೇ ಕೋರಿನ ಪ್ರೊಸೆಸರ್, 512 ಎಂಬಿ ರ‍್ಯಾಮ್. ಅಷ್ಟರಲ್ಲೇ ಇಡೀ ಲಿನಕ್ಸನ್ನು ಸುಖವಾಗಿ ಬಾಳಿಸುವುದೆಂದರೆ ನನಗೆ ಎಲ್ಲಿಲ್ಲದ ಹುರುಪು. ಕೂತರೆ ಊಟದ ಹೊತ್ತು ಮೀರಿದ್ದೂ ತಿಳಿಯುವುದಿಲ್ಲ.

ಮೊದಲು ಲೆಕ್ಕ ಓದಲು ಬರಬೇಕು. ‘ಫ್ರೀ’ ಕಮಾಂಡ್ ಕೊಟ್ಟಾಗ ಖಾಲಿ ಮೆಮೊರಿಯ ಅಂಕಿ ತೀರಾ ಚಿಕ್ಕದಾಗಿ ಕಂಡು ಹೊಸಬರು ಗಾಬರಿಯಾಗುತ್ತಾರೆ. ಆದರೆ ಲಿನಕ್ಸಿನ ತಿರುಳಾದ ಕರ್ನಲ್ ಮೆಮೊರಿಯನ್ನು ಸುಮ್ಮನೆ ಬಿಡುವ ಜಾಯಮಾನದ್ದಲ್ಲ. ಎಸ್‌ಡಿ ಕಾರ್ಡಿನಿಂದ ಓದಿದ ಫೈಲುಗಳನ್ನು ಕ್ಯಾಶ್ ಮಾಡಿ ಇಟ್ಟುಕೊಳ್ಳುತ್ತದೆ. ಯಾವ ಪ್ರೋಗ್ರಾಂ ಜಾಗ ಕೇಳಿದರೂ ತೆರವು ಮಾಡಿಕೊಡುತ್ತದೆ. ನೋಡಬೇಕಾದದ್ದು ‘ಅವೈಲಬಲ್’ ಎಂಬ ಕೊನೆಯ ಅಂಕಣವನ್ನು. 2014ರಲ್ಲಿ, ಕರ್ನಲ್‌ನ 3.14ನೇ ಆವೃತ್ತಿಯಿಂದ ಈ ಅಂದಾಜು ಸಿಗತೊಡಗಿತು. ಅಲ್ಲಿಯವರೆಗೆ ಕೂಡಿ ಕಳೆದು ನಾವೇ ಊಹಿಸಬೇಕಿತ್ತು. ಕ್ಯಾಶನ್ನು ಬಲವಂತವಾಗಿ ಖಾಲಿ ಮಾಡಿ ‘ಮೆಮೊರಿ ಉಳಿಸಿದೆ’ ಎನ್ನುವವರನ್ನು ಕಂಡರೆ ನನಗೆ ಸಂಕಟ. ಉಳಿದದ್ದೇನೂ ಇಲ್ಲ, ಅದೇ ಫೈಲನ್ನು ನಿಧಾನದ ಕಾರ್ಡಿನಿಂದ ಮತ್ತೆ ಓದಬೇಕಷ್ಟೆ.

ಯಾರು ಎಷ್ಟು ತಿಂದರು ಎಂಬ ಪತ್ತೆ ಇನ್ನೂ ಸೊಗಸು. ಹತ್ತು ಪ್ರೋಗ್ರಾಂಗಳು ಒಂದೇ ಲೈಬ್ರರಿಯನ್ನು ಬಳಸುತ್ತಿದ್ದರೆ ಆರ್‌ಎಸ್‌ಎಸ್ ಎಂಬ ಅಳತೆ ಅದನ್ನು ಹತ್ತು ಸಲವೂ ಎಣಿಸುತ್ತದೆ. ಪಿಎಸ್‌ಎಸ್ ಹಾಗಲ್ಲ, ಕೂಡುಕುಟುಂಬದ ದಿನಸಿ ಖರ್ಚಿನಂತೆ ಎಲ್ಲರ ಪಾಲಿಗೂ ಹಂಚುತ್ತದೆ. ಹೀಗೆ ಹಂಚಿದ ಲೆಕ್ಕದ ಪಟ್ಟಿಯನ್ನು ಮೇಲಿಂದ ಕೆಳಗೆ ಓದುತ್ತಾ ಹೋದಂತೆ ಹೆಸರೇ ಗೊತ್ತಿಲ್ಲದ ಸರ್ವೀಸುಗಳು ಒಂದೊಂದಾಗಿ ಪರಿಚಯವಾಗುತ್ತವೆ. ನನ್ನ ಪೈಗೆ ಪರದೆಯಿಲ್ಲ. ಹಿತ್ತಲಿನ ಮಳೆಮಾಪಕವನ್ನು ಓದಿ ಬರೆದಿಡುವುದು, ಅದನ್ನು ಮನೆಯವರಿಗೆ ಒಂದು ವೆಬ್ ಪುಟದಲ್ಲಿ ತೋರಿಸುವುದು, ಇಷ್ಟೇ ಅದರ ಕೆಲಸ. ಹಾಗಾಗಿ ಬ್ಲೂಟೂತ್ ಸರ್ವೀಸು ಹೋಯಿತು. ಗ್ರಾಫಿಕ್ಸ್‌ಗೆಂದು ಎತ್ತಿಟ್ಟಿದ್ದ 64 ಎಂಬಿ, ಕಾನ್ಫಿಗ್ ಫೈಲಿನ ಒಂದೇ ಸಾಲಿನಿಂದ 16ಕ್ಕೆ ಇಳಿಯಿತು.

ನನಗೆ ಅತಿ ಪ್ರಿಯವಾದದ್ದು ಝೀರ‍್ಯಾಮ್. ಮೆಮೊರಿ ಸಾಲದಾದಾಗ ಬಳಸುವ ಹೆಚ್ಚುವರಿ ಜಾಗವಾದ ಸ್ವಾಪನ್ನು ಕಾರ್ಡಿನ ಮೇಲೆ ಇಟ್ಟರೆ ನಿಧಾನ, ಜೊತೆಗೆ ಬರೆದು ಬರೆದು ಕಾರ್ಡೂ ಸವೆಯುತ್ತದೆ. ಝೀರ‍್ಯಾಮ್ ಸದ್ಯಕ್ಕೆ ಬೇಡದ ಮೆಮೊರಿ ಪುಟಗಳನ್ನು ಒತ್ತಿ ಚಿಕ್ಕದಾಗಿಸಿ ರ‍್ಯಾಮ್‌ನಲ್ಲೇ ಇಡುತ್ತದೆ. ನಿತಿನ್ ಗುಪ್ತಾ ‘ಕಾಂಪ್‌ಕ್ಯಾಶ್’ ಹೆಸರಿನಲ್ಲಿ ಶುರುಮಾಡಿದ ಈ ಕೆಲಸ, ಪ್ರಯೋಗದ ಹಂತ ದಾಟಿ ಕರ್ನಲ್‌ನಲ್ಲಿ ನೆಲೆಯಾದದ್ದೂ ಅದೇ 3.14ರಲ್ಲಿ. ಎಂಥ ಪುಣ್ಯದ ಆವೃತ್ತಿ! ಸ್ವಾಪಿನತ್ತ ಕರ್ನಲ್‌ನ ಒಲವನ್ನು ಹೇಳುವ ‘ಸ್ವಾಪಿನೆಸ್’ ಮೂಲತಃ 60 ಇರುತ್ತದೆ. ಅದನ್ನು 10ಕ್ಕೆ ಇಳಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಡಿಸ್ಕಿನ ಸ್ವಾಪಿಗೆ ಅದು ಸರಿಯಿರಬಹುದು. ಝೀರ‍್ಯಾಮ್ ಇದ್ದಲ್ಲಿ ನಾನು 100ಕ್ಕೆ ಏರಿಸುತ್ತೇನೆ. ಕಾರ್ಡಿನಿಂದ ಮತ್ತೆ ಓದುವುದಕ್ಕಿಂತ ಒತ್ತಿಟ್ಟದ್ದನ್ನು ಬಿಚ್ಚುವುದೇ ಬೇಗ.

ಇಷ್ಟಾದರೂ ಒಂದು ದಿನ ಮೆಮೊರಿ ಮುಗಿಯಬಹುದು. ಆಗ ಕರ್ನಲ್ ಯಾವುದೋ ಒಂದು ಪ್ರೋಗ್ರಾಮನ್ನು ಕೊಂದು ಉಳಿದವನ್ನು ಬದುಕಿಸುತ್ತದೆ. ಯಾವುದನ್ನು ಎಂಬಲ್ಲಿ ನಮ್ಮ ಮಾತೂ ನಡೆಯುತ್ತದೆ: ಮೈನಸ್ 1000ದಿಂದ 1000ದವರೆಗೆ ಅಂಕ ಕೊಡಬಹುದು. ಮಳೆ ಬರೆದಿಡುವ ಪ್ರೋಗ್ರಾಂಗೆ ಮೈನಸ್ 1000 ಕೊಟ್ಟಿದ್ದೇನೆ, ಅದನ್ನು ಮುಟ್ಟುವಂತಿಲ್ಲ. ವೆಬ್ ಪುಟದ್ದಕ್ಕೆ 500. ಅದು ಸತ್ತರೆ ಸರ್ವೀಸುಗಳನ್ನು ನೋಡಿಕೊಳ್ಳುವ ಸಿಸ್ಟಂಡಿ ಮತ್ತೆ ಎಬ್ಬಿಸುತ್ತದೆ. ರಾತ್ರಿ ಸುರಿದ ಮಳೆಯ ಲೆಕ್ಕ ತಪ್ಪಿದರೆ ತಪ್ಪಿದ್ದೇ.