ನಿನ್ನ ಗಾಡಿಯ ಆಯಿಲ್ ವಿಚಾರ

ಚನ್ನರಾಯಪಟ್ಟಣ

ಪ್ರೀತಿಯ ಪುಟ್ಟಿಗೆ,

ಆಯಿಲ್ ನಾನೇ ಬದಲಾಯಿಸಿಕೊಳ್ಳಲಾ, ಗ್ಯಾರೇಜಿಗೆ ಬಿಡಲಾ ಅಂತ ನೀನು ಕೇಳಿದಾಗ ನಾನು ಸಂತೆಯಲ್ಲಿದ್ದೆ, ಗಲಾಟೆಯಲ್ಲಿ ಅರ್ಧಂಬರ್ಧ ಹೇಳಿದೆ. ಇದು ಹಾಗೆ ಹೇಳಿ ಮುಗಿಸುವ ವಿಷಯವಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಓದಿದ ಮೇಲೆ ಆರ್‌ಸಿ ಜೊತೆಯಲ್ಲೇ ಇಟ್ಟುಕೋ.

ನನ್ನ ಮಾತು ಇಷ್ಟೇ. ಆಯಿಲ್ ನೋಡಿಕೊಳ್ಳುವುದು ನಿನ್ನ ಕೆಲಸ. ಇಳಿಸುವುದು ಗ್ಯಾರೇಜಿನವರ ಕೆಲಸ.

ಮೊದಲು ದುಡ್ಡಿನ ಲೆಕ್ಕ ನೋಡೋಣ, ನೀನು ಕೇಳಿದ್ದೂ ದುಡ್ಡು ಉಳಿಸಲಿಕ್ಕೇ ತಾನೆ. ಹೊಳೆನರಸೀಪುರದಿಂದ ಅರಕಲಗೂಡಿನ ಕಡೆ ನಿನ್ನ ಶಾಲೆಗೆ ಹೋಗಿಬರಲು ದಿನಕ್ಕೆ ಐವತ್ತು ಕಿಲೋಮೀಟರ್. ನಿನ್ನ ಸ್ಪ್ಲೆಂಡರ್ ಬೈಕಿನ ಜೊತೆ ಬಂದ ಪುಸ್ತಕದಲ್ಲಿ 6000 ಕಿಲೋಮೀಟರಿಗೆ ಆಯಿಲ್ ಬದಲಿಸಿ, ನಡುವೆ 3000ಕ್ಕೆ ಟಾಪ್‌ಅಪ್ ಮಾಡಿ ಅಂತಿದೆ. ಆದರೆ ನಿನ್ನದು ಹಳೇ ಎಂಜಿನ್, ದೂಳಿನ ರಸ್ತೆ, ಶುಂಠಿ ಆಲೂಗಡ್ಡೆ ಟ್ರ್ಯಾಕ್ಟರುಗಳ ಹಿಂದೆ ಸೆಕೆಂಡ್ ಗೇರಿನಲ್ಲಿ ತೆವಳಬೇಕು. 3000ಕ್ಕೇ ಬದಲಿಸು. ಅಂದರೆ ವರ್ಷಕ್ಕೆ ನಾಲ್ಕು ಸಲ. ಆಯಿಲ್ ನಾವೇ ತಂದುಕೊಟ್ಟರೆ ನಮ್ಮ ಕಡೆ ಸಣ್ಣ ಗ್ಯಾರೇಜುಗಳಲ್ಲಿ ಕೂಲಿ ಐವತ್ತರಿಂದ ನೂರು ರೂಪಾಯಿ. ಮನೆಯಲ್ಲೇ ಮಾಡಿಕೊಂಡರೆ ವರ್ಷಕ್ಕೆ ಇನ್ನೂರರಿಂದ ನಾನ್ನೂರು ಉಳಿದೀತು. ಅದಕ್ಕೆ ಹದಿನೇಳರ ರಿಂಗ್ ಸ್ಪ್ಯಾನರ್ ಬೇಕು, ಹಿಡಿಯಲು ಟ್ರೇ ಬೇಕು, ಗಾಡಿ ನಿಲ್ಲಿಸಲು ಸಮನಾದ ಜಾಗ ಬೇಕು. ನಿನ್ನ ಬಾಡಿಗೆ ಮನೆಯ ಮುಂದೆ ಇರುವುದು ಓನರಮ್ಮ ದಿನಾ ರಂಗೋಲಿ ಹಾಕುವ ನೆಲ. ಇನ್ನೂ ಒಂದು ಮಾತು. ಆ ಡ್ರೈನ್ ಬೋಲ್ಟ್ ಕೂರುವುದು ಅಲ್ಯೂಮಿನಿಯಂ ಮೈಯಲ್ಲಿ. ಸೋರಬಾರದು ಅಂತ ಒಂದು ಸುತ್ತು ಜಾಸ್ತಿ ಬಿಗಿದರೆ ಥ್ರೆಡ್ ಹೋಗುತ್ತದೆ, ಆಮೇಲೆ ಲೇತಿನವರ ಹತ್ತಿರ ಓಡಬೇಕು. ಹಲವು ವರ್ಷ ಉಳಿಸಿದ ಕೂಲಿ ಒಂದೇ ದಿನಕ್ಕೆ ಹೋಗುತ್ತದೆ.

ಆದರೆ ನನಗೆ ಮುಖ್ಯ ದುಡ್ಡಲ್ಲ. ಇಳಿಸಿದ ಆಯಿಲ್ ಎಲ್ಲಿಗೆ ಹೋಗುತ್ತದೆ ಅನ್ನುವುದು.

ನಾನು ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಮೂರೂ ಡಿಪೋಗಳಲ್ಲಿ ಬಸ್ಸಿನ ಕೆಳಗೆ ಮಲಗಿ ಕೆಲಸ ಮಾಡಿದವನು. ಒಂದು ಬಸ್ಸಿನಿಂದ ಹತ್ತು ಲೀಟರಿಗೂ ಹೆಚ್ಚು ಇಳಿಯುತ್ತದೆ. ಅಷ್ಟೂ ಬ್ಯಾರೆಲ್ಲಿಗೆ ಸೇರಬೇಕು, ನೆಲಕ್ಕೆ ಚೆಲ್ಲಿದರೆ ಮೇಲೆ ಮರಳು ಹಾಕಿ ಬಳಿಯಬೇಕು. ತುಂಬಿದ ಬ್ಯಾರೆಲ್ ಹರಾಜಿಗೆ ಹೋಗುತ್ತಿತ್ತು. ಹಳೇ ಆಯಿಲ್ ಸತ್ತ ವಸ್ತುವಲ್ಲ ಕಣಮ್ಮ. ಅದರಲ್ಲಿ ಮಸಿ, ಸವೆದ ಲೋಹದ ಪುಡಿ, ಸುಟ್ಟ ಪೆಟ್ರೋಲಿನ ಅಂಶ ಎಲ್ಲ ಕೂಡಿಕೊಂಡಿರುತ್ತದೆ, ಅಷ್ಟೇ. ಅವನ್ನೆಲ್ಲ ತೆಗೆದು ಶುದ್ಧಮಾಡಿದರೆ ಮತ್ತೆ ಹೊಸ ಆಯಿಲ್ ತಯಾರಿಸಲು ಬರುತ್ತದೆ. 2024ರ ಏಪ್ರಿಲ್ 1ರಿಂದ, ಆಯಿಲ್ ತಯಾರಿಸುವ ಮತ್ತು ಆಮದು ಮಾಡುವ ಕಂಪನಿಗಳೇ ಇಂತಿಷ್ಟು ಹಳೇ ಆಯಿಲ್ ಮರುಬಳಕೆಗೆ ಹೋಗುವಂತೆ ನೋಡಿಕೊಳ್ಳಬೇಕು ಅಂತ ಕೇಂದ್ರ ಸರ್ಕಾರದ ನಿಯಮವೂ ಬಂದಿದೆ.

ನಿನ್ನ ಮನೆಯ ಮುಂದೆ ಇಳಿಸಿದ ಮುಕ್ಕಾಲು ಲೀಟರನ್ನು ಏನು ಮಾಡುತ್ತೀಯ? ಹಳ್ಳಿಯಲ್ಲಾದರೆ ಬೇಲಿ ಗೂಟಕ್ಕೆ ಗೆದ್ದಲು ಹತ್ತದಿರಲಿ ಅಂತ ಬಳಿಯುತ್ತಾರೆ, ಸೆಂಟ್ರಿಂಗ್ ಹಲಗೆಗೆ ಒಯ್ಯುತ್ತಾರೆ. ಅದೂ ಕೊನೆಗೆ ಮಣ್ಣಿಗೇ. ಪೇಟೆಯಲ್ಲಿ ಮನೆಯಲ್ಲಿ ಇಳಿಸಿದವರು ಬಹಳ ಮಂದಿ ಚರಂಡಿಗೆ ಸುರಿಯುವುದನ್ನು ಕಣ್ಣಾರೆ ಕಂಡಿದ್ದೇನೆ. ಹೊಳೆನರಸೀಪುರದ ಚರಂಡಿಯ ನೀರು ಹೋಗುವುದು ಹೇಮಾವತಿಗೆ. ಆ ಹೊಳೆ ಗೊರೂರಿನ ಅಣೆಕಟ್ಟೆ ಇಳಿದು, ನಿಮ್ಮೂರು ದಾಟಿ, ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಮೈಸೂರು, ಮಂಡ್ಯ, ಬೆಂಗಳೂರು ಎಲ್ಲ ಕುಡಿಯುವುದು ಆ ಕಾವೇರಿಯ ನೀರನ್ನೇ. ಒಂದು ಲೀಟರ್ ಹಳೇ ಆಯಿಲ್ ಹತ್ತು ಲಕ್ಷ ಲೀಟರ್ ನೀರನ್ನು ಕೆಡಿಸಬಲ್ಲದು ಅನ್ನುವ ಲೆಕ್ಕ ಹೇಳುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ರಾಮನಾಥಪುರದ ಮೀನುಗಳು ನೆನಪಾಗುತ್ತವೆ. ನೀನು ಚಿಕ್ಕವಳಿದ್ದಾಗ ಅಲ್ಲಿ ಕಾವೇರಿಯ ಮೆಟ್ಟಿಲ ಮೇಲೆ ಕೂತು, ಕೈಗೆ ತಾಕುವಷ್ಟು ಹತ್ತಿರ ಬಂದ ಆ ದೊಡ್ಡ ಮೀನುಗಳಿಗೆ ಪುರಿ ಹಾಕಿ, ಮುಗಿದರೂ ಏಳದೆ ಹಟ ಹಿಡಿಯುತ್ತಿದ್ದೆ. ನೀರಿನ ಮೇಲೆ ಆಯಿಲ್ ಪೊರೆ ಕಟ್ಟಿದರೆ ಕೆಳಗೆ ಗಾಳಿ ಇಳಿಯುವುದಿಲ್ಲ, ಮೀನಿಗೆ ಉಸಿರಿಲ್ಲ. ಗ್ಯಾರೇಜಿನವನಿಗೆ ಕೊಡುವ ಕೂಲಿಯಲ್ಲಿ ಅರ್ಧ, ಆ ಕರಿ ಆಯಿಲಿಗೆ ಅವನು ಬ್ಯಾರೆಲ್ ಇಟ್ಟಿದ್ದಕ್ಕೆ ಅಂದುಕೋ.

ಹಾಗಂತ ಎಲ್ಲ ಗ್ಯಾರೇಜೂ ಒಂದೇ ಅಲ್ಲ. ಬ್ಯಾರೆಲ್ ಇದೆಯಾ ನೋಡು. ತುಂಬಿದ ಮೇಲೆ ಯಾರು ಒಯ್ಯುತ್ತಾರೆ ಅಂತ ಕೇಳು. ಕೇಳುವುದಕ್ಕೆ ಸಂಕೋಚ ಬೇಡ, ಒಳ್ಳೆಯ ಕೆಲಸಗಾರನಿಗೆ ತನ್ನ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ಖುಷಿಯೇ. ಇಳಿಸುವಾಗ ಪಕ್ಕದಲ್ಲೇ ನಿಂತಿರು, ಗಾಡಿ ಬಿಟ್ಟು ಕಾಫಿಗೆ ಹೋಗಬೇಡ. ಎಂಜಿನ್ ಸ್ವಲ್ಪ ಬಿಸಿ ಇರುವಾಗ ಇಳಿಸಿದರೆ ತಳದ ಕಸವೂ ಜೊತೆಗೆ ಬರುತ್ತದೆ. ಬೋಲ್ಟಿನ ವಾಷರ್ ಚಪ್ಪಟೆಯಾಗಿದ್ದರೆ ಹೊಸದು ಹಾಕಿಸು. ಪೂರ್ತಿ ಇಳಿದು ನಿಲ್ಲುವವರೆಗೆ ಕಾಯಲು ಹೇಳು, ಅವಸರ ಮಾಡುವವರೂ ಇದ್ದಾರೆ.

ಆಯಿಲ್ ಡಬ್ಬ ನೀನೇ ಕೊಂಡುಕೊಂಡು ಹೋಗು, ಗೊತ್ತಿರುವ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ. 900 ಮಿಲಿಯದು ಸಾಕು. ಮೇಲೆ ‘10ಡಬ್ಲ್ಯು-30’ ಅಂತ, ‘ಜಾಸೊ ಎಂಎ’ ಅಂತ ಇರಬೇಕು. ಸ್ಪ್ಲೆಂಡರಿನಲ್ಲಿ ಪಿಸ್ಟನ್ನಿಗೂ ಗೇರಿಗೂ ಕ್ಲಚ್ ಪ್ಲೇಟಿಗೂ ಅದೊಂದೇ ಆಯಿಲ್. ಗೇರಿಲ್ಲದ ಸ್ಕೂಟರಿನ ‘ಎಂಬಿ’ ಆಯಿಲ್ ಆಗಲಿ, ಕಾರಿನ ಆಯಿಲ್ ಆಗಲಿ ಇದಕ್ಕೆ ಹಾಕಿದರೆ ಕ್ಲಚ್ ಜಾರಬಹುದು. ಆಗ ಎಕ್ಸಿಲೇಟರ್ ಕೊಟ್ಟಷ್ಟೂ ಸದ್ದು ಬರುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಖಾಲಿ ಡಬ್ಬವನ್ನು ಅಲ್ಲೇ ಕತ್ತರಿಸಿ ಹಾಕಿಸು. ಇಡೀ ಡಬ್ಬ ಗುಜರಿಗೆ ಹೋದರೆ ಅದಕ್ಕೇ ಡೂಪ್ಲಿಕೇಟ್ ತುಂಬಿ ಮತ್ತೆ ಮಾರುವವರಿದ್ದಾರೆ.

ಇನ್ನು ನಿನ್ನ ಪಾಲಿನ ಕೆಲಸ. ಇದನ್ನು ಯಾರಿಗೂ ಬಿಡಬೇಡ. ಭಾನುವಾರ ಬೆಳಿಗ್ಗೆ ಗಾಡಿಯನ್ನು ಸಮನಾದ ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸು. ಎರಡು ಮೂರು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡು, ಸ್ವಲ್ಪ ಹೊತ್ತು ಬಿಡು. ಡಿಪ್‌ಸ್ಟಿಕ್ ಬಿಚ್ಚಿ ಬಟ್ಟೆಯಲ್ಲಿ ಒರೆಸಿ, ತಿರುಗಿಸದೆ ಸುಮ್ಮನೆ ಒಳಗಿಟ್ಟು ತೆಗೆ. ಎರಡು ಗೆರೆಯ ನಡುವೆ ಇದ್ದರೆ ಸರಿ. ಕೆಳಗಿನ ಗೆರೆಗೆ ಬಂದಿದ್ದರೆ ಅವತ್ತೇ ಹಾಕು, ನಾಳೆ ಅನ್ನಬೇಡ. ಆಯಿಲ್ ಕಪ್ಪಾಗಿರುವುದಕ್ಕೆ ಗಾಬರಿಯಾಗಬೇಡ, ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಹಾಲು ಕದಡಿದ ಹಾಗೆ ಕಂಡರೆ ಮಾತ್ರ ಒಳಗೆ ನೀರು ಸೇರಿದೆ ಅಂತ ಅರ್ಥ, ಆಗ ಓಡಿಸಬೇಡ, ನನಗೆ ಫೋನ್ ಮಾಡು. ಕೈಗೆ ಆಯಿಲ್ ತಾಗಿದರೆ ಸೋಪು ಹಚ್ಚಿ ತೊಳೆ, ಹಾಗೇ ಬಿಡಬೇಡ, ಚರ್ಮಕ್ಕೆ ಒಳ್ಳೆಯದಲ್ಲ.

ಗ್ಯಾರೇಜಿಗೆ ಹೋಗು ಅನ್ನುವುದಕ್ಕೆ ಇನ್ನೊಂದು ಕಾರಣ, ಇದು ಅಪ್ಪನ ಸ್ವಾರ್ಥ. ಮೂರು ತಿಂಗಳಿಗೊಮ್ಮೆ ನಿನ್ನ ಗಾಡಿಯ ಸದ್ದು ಕೇಳಿದವನಿಗೆ ಚೈನ್ ಸಡಿಲವಾದದ್ದು, ಬ್ರೇಕ್ ಶೂ ಸವೆದದ್ದು ನೀನು ಹೇಳುವ ಮೊದಲೇ ತಿಳಿಯುತ್ತದೆ. ಮಳೆಗಾಲದಲ್ಲಿ ಸ್ಪೆಷಲ್ ಕ್ಲಾಸ್ ಮುಗಿಸಿ ಹೊತ್ತು ಮುಳುಗಿದ ಮೇಲೆ ಆ ರಸ್ತೆಯಲ್ಲಿ ಗಾಡಿ ನಿಂತರೆ ನಾನು ಇಲ್ಲಿಂದ ಬರುವಷ್ಟರಲ್ಲಿ ರಾತ್ರಿಯಾಗುತ್ತದೆ. ಹತ್ತಿರದಲ್ಲೇ ನಿನ್ನ ಗುರುತಿರುವ ಒಬ್ಬ ಮೆಕ್ಯಾನಿಕ್ ಇದ್ದಾನೆ, ಅವನ ನಂಬರ್ ನಿನ್ನ ಹತ್ತಿರ ಇದೆ ಅಂದರೆ ನಿನ್ನಮ್ಮ ನಿದ್ದೆ ಮಾಡುತ್ತಾಳೆ.

ದಸರಾ ರಜಕ್ಕೆ ಬಂದಾಗ ಒಂದು ಸಲ ನಮ್ಮ ಹಿತ್ತಲಲ್ಲೇ ನಿನ್ನ ಕೈಯಲ್ಲಿ ಇಳಿಸಿ ಹಾಕಿಸುತ್ತೇನೆ, ಸ್ಪ್ಯಾನರ್ ಟ್ರೇ ಎಲ್ಲ ನನ್ನ ಹತ್ತಿರವಿದೆ. ಬೋಲ್ಟ್ ಎಷ್ಟು ಬಿಗಿಯಬೇಕು ಅನ್ನುವುದು ಬರೆದು ತಿಳಿಸುವುದಲ್ಲ, ಕೈಗೇ ಗೊತ್ತಾಗಬೇಕು. ಅದು ಗೊತ್ತಿದ್ದರೆ ಬೇರೆಯವರು ಬಿಗಿಯುವಾಗಲೂ ಸರಿಯಾಗಿದೆಯೋ ಇಲ್ಲವೋ ನಿನಗೆ ತಿಳಿಯುತ್ತದೆ. ಇಳಿಸಿದ್ದನ್ನು ಕ್ಯಾನಿಗೆ ತುಂಬಿ ಇಲ್ಲಿನ ಗ್ಯಾರೇಜಿನ ಬ್ಯಾರೆಲ್ಲಿಗೆ ನಾವೇ ಹಾಕಿ ಬರೋಣ.

ಈಗ ಮೀಟರಿನಲ್ಲಿ ಎಷ್ಟಿದೆ ಅಂತ ಬರೆದು ತಿಳಿಸು. ಹಿಂದಿನ ಸಲ ಬದಲಿಸಿದ್ದು ನನ್ನ ಡೈರಿಯಲ್ಲಿದೆ, ಲೆಕ್ಕ ಹಾಕಿ ಮುಂದಿನದು ಯಾವಾಗ ಅಂತ ಹೇಳುತ್ತೇನೆ.

ನಿನ್ನ
ಅಪ್ಪ